ಕಥೋದ್ಯಾನಗಳ ವಾಸ್ತುರೀತಿಯೂ ಅದರ ಪುನರ್ವಿನ್ಯಾಸವೂ

ವಾಸ್ತುಶಿಲ್ಪವನ್ನು ಕುರಿತು ವಿಚಾರಮಾಡುವ ವಿದ್ವಾಂಸರು ದೇವಾಲಯ, ಅರಮನೆ, ಕೋಟೆ, ಸಮಾಧಿ ಮೊದಲಾದವುಗಳ ಕಡೆಗೇ ದೃಷ್ಟಿಯನ್ನು ತಿರುಗಿಸುವುದು ವಾಡಿಕೆ. ಹಣ ಕೊಟ್ಟು ಒಳಹೊಗುವ ವಿನೋದಸ್ಥಾನದಲ್ಲಿ ನಿಲ್ಲಿಸಿದ ಕಟ್ಟಡಗಳು ವಾಸ್ತುವೆಂಬ ಹೆಸರಿಗೇ ಅರ್ಹವಲ್ಲವೆಂದು ಅನೇಕರ ಅಭಿಪ್ರಾಯ. ಅವು ಸುಳ್ಳು ಗೋಡೆಗಳು, ಬಣ್ಣ ಬಳಿದ ಗಾರೆ, ಮಕ್ಕಳ ಆಟಿಕೆ ಎಂಬ ಮಾತು ಪಂಡಿತರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೋಕದ ಯಾವ ಅರಮನೆಯೂ ಕಾಣದಷ್ಟು ಜನರು ಈ ಕಟ್ಟಡಗಳ ನಡುವೆ ಓಡಾಡಿದ್ದಾರೆ. ಇವುಗಳಲ್ಲಿ ಕಥೆಯೇ ಅಸ್ತಿವಾರ, ಕಲ್ಲುಗಾರೆ ಅದರ ಮೇಲಣ ಹೊದಿಕೆ. ಅದುಕಾರಣ ಈ ವಿಷಯವು ಶಿಲ್ಪಿಗಳಿಗಿಂತಲೂ ಹೆಚ್ಚಾಗಿ ಸಾಹಿತ್ಯವಿಚಾರಕರಿಗೆ ಸೇರತಕ್ಕದ್ದೆಂದು ಹೇಳಿದರೆ ತಪ್ಪಾಗದು.

ಇಂಗ್ಲಿಷಿನಲ್ಲಿ ಥೀಮ್ ಪಾರ್ಕ್ ಎಂದು ಕರೆಯುವ ಈ ಸ್ಥಾನಗಳಿಗೆ ಇಲ್ಲಿ ಕಥೋದ್ಯಾನವೆಂಬ ಹೆಸರನ್ನು ಇಟ್ಟುಕೊಳ್ಳಲಾಗಿದೆ. ತೂಗುಯ್ಯಾಲೆ, ರಾಟೆ, ಜಾರುಬಂಡಿಗಳು ಒಂದರ ಪಕ್ಕದಲ್ಲೊಂದು ಸಂಬಂಧವಿಲ್ಲದೆ ನಿಂತಿರುವ ಸ್ಥಳವು ಬರಿಯ ವಿನೋದೋದ್ಯಾನ. ನ್ಯೂಯಾರ್ಕ್ ಕಡಲ ತೀರದ ಕೋನಿ ಐಲೆಂಡಿನಲ್ಲಿ ೧೯೦೩ರಲ್ಲಿ ತೆರೆದ ಲೂನಾ ಪಾರ್ಕ್ ಮೊದಲಾದವು ಬಹುಮಟ್ಟಿಗೆ ಈ ಜಾತಿಯವು. ಪ್ರತಿಯೊಂದು ಕಟ್ಟಡವೂ, ದೀಪದ ಕಂಬವೂ, ನೆಲದ ಹಾಸೂ, ಕೆಲಸದವರ ಉಡುಪೂ ಒಂದೇ ಕಥಾವಸ್ತುವಿಗೆ ಅಂಗವಾಗಿ ಒದಗಿದಾಗ ಅದು ಕಥೋದ್ಯಾನವೆನಿಸುವುದು. ಅಂಗಿಗೂ ಅಂಗಗಳಿಗೂ ಇರುವ ಈ ಸಂಬಂಧವು ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಹೊಸದಲ್ಲ.

ಈ ರೀತಿಯು ಪೂರ್ಣವಾಗಿ ರೂಪುಗೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಆನಹೈಮ್ ಊರಿನಲ್ಲಿ, ೧೯೫೫ನೆಯ ಇಸವಿ ಜುಲೈ ೧೭ನೆಯ ತಾರೀಖು ತೆರೆದ ಡಿಸ್ನಿಲ್ಯಾಂಡಿನಲ್ಲಿ. ಕಿತ್ತಳೆಯ ತೋಟಗಳಿದ್ದ ಸುಮಾರು ೧೬೦ ಎಕರೆ ನೆಲವನ್ನು ಕೊಂಡು, ಒಂದು ವರ್ಷದಷ್ಟು ಕಾಲದಲ್ಲಿ, ಸುಮಾರು ೧ ಕೋಟಿ ೭೦ ಲಕ್ಷ ಡಾಲರು ವೆಚ್ಚದಿಂದ ಅದನ್ನು ಕಟ್ಟಿದರು. ಅದರ ಕರ್ತೃವಾದ ವಾಲ್ಟ್ ಡಿಸ್ನಿ ಚಲನಚಿತ್ರಗಳನ್ನು ತಯಾರಿಸುತ್ತಿದ್ದವನು. ಅವನ ತಂದೆಯಾದ ಇಲಿಯಸ್ ಡಿಸ್ನಿ ೧೮೯೩ರ ಷಿಕಾಗೊ ಮಹಾಪ್ರದರ್ಶನದ ಕಟ್ಟಡಗಳಲ್ಲಿ ಬಡಗಿಯಾಗಿ ದುಡಿದವನು. ಗಾರೆಗೆ ನಾರನ್ನು ಬೆರೆಸಿ, ಅಮೃತಶಿಲೆಯಂತೆ ತೋರುವ ಬಿಳಿಯ ನಗರವನ್ನು ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸಿ ಆಮೇಲೆ ಇಲ್ಲವಾಗಿಸಿದ ಪ್ರದರ್ಶನ ಅದು. ಮಗನ ಉದ್ಯಾನದಲ್ಲಿ ತಂದೆಯ ಕಸಬಿನ ನೆರಳು ಬಿದ್ದಿರುವುದು ಕಾಕತಾಳೀಯವೇ ಇರಬಹುದು, ಆದರೂ ಗಮನಿಸತಕ್ಕದ್ದು.

ಡಿಸ್ನಿ ಮೊದಲು ವೃತ್ತಿನಿರತ ವಾಸ್ತುಶಿಲ್ಪಿಗಳನ್ನು ವಿಚಾರಿಸಿದನು. ಅವನ ಸ್ನೇಹಿತನೂ ಪ್ರಸಿದ್ಧ ಶಿಲ್ಪಿಯೂ ಆಗಿದ್ದ ವೆಲ್ಟನ್ ಬೆಕೆಟ್, ಈ ಕೆಲಸವು ಬೇರೆ ಶಿಲ್ಪಿಗಳಿಂದ ಆಗತಕ್ಕದ್ದಲ್ಲ, ನಿನ್ನ ಚಿತ್ರಶಾಲೆಯವರಿಂದಲೇ ಮಾಡಿಸು ಎಂಬರ್ಥದ ಸಲಹೆ ಕೊಟ್ಟನು. ಈ ಸಲಹೆಯಿಂದಲೇ ಕಥೋದ್ಯಾನದ ವಾಸ್ತುರೀತಿ ಹುಟ್ಟಿತೆನ್ನಬಹುದು. ಹಾರ್ಪರ್ ಗಾಫ್, ಮಾರ್ವಿನ್ ಡೇವಿಸ್, ಹರ್ಬರ್ಟ್ ರೈಮನ್, ಜಾನ್ ಹೆಂಚ್ ಮೊದಲಾದವರು ಚಲನಚಿತ್ರಕ್ಕೆ ದೃಶ್ಯಗಳನ್ನು ರಚಿಸುತ್ತಿದ್ದವರು. ಸಾಮಾನ್ಯ ಶಿಲ್ಪಿಯು ಒಂದು ಕಟ್ಟಡವನ್ನು ಎಲ್ಲ ಕಡೆಯಿಂದಲೂ ನೋಡತಕ್ಕ ಒಂದು ವಸ್ತುವಾಗಿ ಭಾವಿಸುವನು. ಇವರಾದರೋ ಅದನ್ನು ನಡೆಯುವವನ ಕಣ್ಣಿಗೆ ಒಂದಾದ ಮೇಲೊಂದು ಬೀಳುವ ದೃಶ್ಯಗಳ ಸಾಲಾಗಿ ಭಾವಿಸಿದರು. ಒಂದು ಪ್ರದೇಶದಿಂದ ಮತ್ತೊಂದಕ್ಕೆ ಹೋಗುವಾಗ ಕಾಲಡಿಯ ಹಾಸು, ಗಿಡಮರ, ಕಿವಿಗೆ ಬೀಳುವ ಸಂಗೀತ ಇವು ಮೆಲ್ಲಮೆಲ್ಲನೆ ಮಾರ್ಪಡುವಂತೆ ಮಾಡಿದ್ದು, ತೆರೆಯ ಮೇಲೆ ಒಂದು ಚಿತ್ರ ಕರಗುತ್ತ ಇನ್ನೊಂದು ಮೂಡುವ ತಂತ್ರದ ಅನುಸರಣೆಯೇ. ಉದ್ಯಾನಕ್ಕೆ ಒಂದೇ ಬಾಗಿಲು. ಬಾಗಿಲಿಂದ ಒಂದೇ ಬೀದಿ. ಬೀದಿಯ ಕೊನೆಯಲ್ಲಿ ದುಂಡಾದ ಚೌಕ. ಅಲ್ಲಿಂದ ಚಕ್ರದ ಅರೆಕಾಲುಗಳಂತೆ ನಾನಾ ಪ್ರದೇಶಗಳಿಗೆ ದಾರಿ. ಪ್ರತಿ ದಾರಿಯ ತುದಿಯಲ್ಲಿಯೂ ಜನರನ್ನು ಸೆಳೆಯುವ ಎತ್ತರವಾದ ಒಂದು ವಸ್ತು ಕಾಣುತ್ತಿರಬೇಕು. ಇದಕ್ಕೆ ಡಿಸ್ನಿ ಇಟ್ಟ ಹೆಸರು 'ವೀನಿ'. ನಾಯಿಯನ್ನು ಕರೆದೊಯ್ಯಲು ಅದರ ಮುಂದೆ ಹಿಡಿಯುವ ಮಾಂಸದ ತುಂಡು ಎಂಬುದು ಆ ಮಾತಿನ ಹಿನ್ನೆಲೆ. ಹೆಸರು ಗ್ರಾಮ್ಯವಾದರೂ ತತ್ತ್ವವು ಹಳೆಯದು: ರಥಬೀದಿಯ ಕೊನೆಯಲ್ಲಿ ಗೋಪುರವನ್ನು ನಿಲ್ಲಿಸಿದವರಿಗೂ ಇದು ತಿಳಿದೇ ಇದ್ದಿತು.

ಬಾಗಿಲನ್ನು ಹೊಕ್ಕೊಡನೆ ಸಿಕ್ಕುವ ಮೇನ್ ಸ್ಟ್ರೀಟ್ ಎಂಬ ಬೀದಿಯು ೧೯೦೦ರ ಸುಮಾರಿನ ಒಂದು ಅಮೆರಿಕನ್ ಸಣ್ಣ ಊರಿನ ಪೇಟೆಯ ಚಿತ್ರ. ಡಿಸ್ನಿ ಬಾಲ್ಯದಲ್ಲಿ ಕೆಲವು ವರ್ಷ ವಾಸವಾಗಿದ್ದ ಮಿಸ್ಸೂರಿ ಪ್ರಾಂತದ ಮಾರ್ಸಿಲೀನ್, ಗಾಫನ ಹುಟ್ಟೂರಾದ ಕೊಲೊರಾಡೊ ಪ್ರಾಂತದ ಫೋರ್ಟ್ ಕಾಲಿನ್ಸ್ ಇವೆರಡರ ನೆನಪು ಇದರಲ್ಲಿ ಬೆರೆತಿದೆ. ಇಲ್ಲಿಯ ಅಂಗಡಿಗಳ ಕೆಳಗಣ ಅಂತಸ್ತು ನಿಜವಾದ ಅಳತೆಗಿಂತ ಕೊಂಚ ಮಾತ್ರ ಚಿಕ್ಕದು. ಅದರ ಮೇಲಣದು ಇನ್ನೂ ಚಿಕ್ಕದು. ಮೂರನೆಯದು ಅದಕ್ಕಿಂತಲೂ ಚಿಕ್ಕದು. ಕಣ್ಣು ಇದನ್ನು ಕಿರಿದೆಂದು ತಿಳಿಯದೆ ದೂರವೆಂದು ತಿಳಿಯುವುದರಿಂದ ಕಟ್ಟಡವು ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಅದೇ ಸಮಯದಲ್ಲಿ ಒಟ್ಟು ಬೀದಿಯು ಆಟಿಕೆಯ ಹತ್ತಿರಕ್ಕೆ ಬಂದು, ನಡೆಯುವವನಿಗೆ ತಾನು ದೊಡ್ಡವನೆಂಬ ಒಂದು ನೆಮ್ಮದಿ ಉಂಟಾಗುವುದು. ಬಲವಂತದ ದೂರದರ್ಶನವೆನ್ನಬಹುದಾದ ಈ ಉಪಾಯವನ್ನು ನಾಟಕದ ಪರದೆ ಬರೆಯುವವರು ಶತಮಾನಗಳಿಂದ ಬಳಸುತ್ತಿದ್ದಾರೆ. ಕನ್ನಡ ನಾಡಿನ ವಾಚಕರು ಇದಕ್ಕೆ ಸಾದೃಶ್ಯವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಾಳುಕ್ಯರ ಕಾಲದ ವಿಮಾನಗಳಲ್ಲಿ ತಲದ ಮೇಲೆ ತಲವು ಕಿರಿದಾಗುತ್ತ ಏರುವುದೂ, ಗೋಡೆಯ ಕೋಷ್ಠಗಳ ಮೇಲೆ ಪೂರ್ಣ ದೇವಾಲಯದ ಕಿರುರೂಪಗಳನ್ನು ಕೆತ್ತಿರುವುದೂ ಎಲ್ಲರೂ ಕಂಡ ಸಂಗತಿ. ೧೧೧೨ರ ಇಟಗಿಯ ಮಹಾದೇವ ದೇವಾಲಯದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಉದ್ದೇಶ ಬೇರೆ, ಭಾವ ಬೇರೆ. ಕಣ್ಣಿನ ನಿಯಮ ಮಾತ್ರ ಒಂದೇ.

ಈ ಬೀದಿಯ ಮತ್ತೆರಡು ವಿಶೇಷಗಳನ್ನು ಹೇಳಬೇಕು. ಹೊರಗೆ ಹತ್ತು ಬಗೆಯ ಬೇರೆ ಬೇರೆ ಅಂಗಡಿಗಳ ಮುಖಗಳಿದ್ದರೂ ಒಳಗೆ ಅನೇಕ ಕಡೆ ನಡುಗೋಡೆಯೇ ಇಲ್ಲ. ಹಲವು ಮುಖಗಳ ಹಿಂದೆ ಇರುವುದು ಒಂದೇ ಮಾರಾಟದ ಮಳಿಗೆ. ಹಳೆಯ ಪೇಟೆಯ ಸ್ವತಂತ್ರ ವರ್ತಕನು ಮುಖದಲ್ಲಿ ಮಾತ್ರ ಉಳಿದು ಒಡಲಿನಲ್ಲಿ ಇಲ್ಲವಾಗಿರುವುದನ್ನು ಟೀಕಾಕಾರರು ಎತ್ತಿ ಆಡಿರುವುದು ನ್ಯಾಯವೇ. ಇನ್ನೊಂದು, ಮೇಲಂತಸ್ತಿನ ಕಿಟಕಿಯ ಗಾಜುಗಳ ಮೇಲೆ, ಯಾವುದೋ ವ್ಯಾಪಾರದ ಫಲಕವೆಂಬಂತೆ, ಉದ್ಯಾನವನ್ನು ಕಟ್ಟಿದವರ ಹೆಸರುಗಳನ್ನು ಬರೆದಿರುವುದು. ಚಲನಚಿತ್ರದ ಮೊದಲಲ್ಲಿ ತೋರಿಸುವ ಹೆಸರುಗಳ ಪಟ್ಟಿಯೇ ಇಲ್ಲಿ ಕಿಟಕಿಯಾಗಿದೆ. ಬೇಲೂರಿನಲ್ಲಿ ದಾಸೋಜ, ಚಾವಣರ ಹೆಸರುಗಳನ್ನು ಓದಿದವರಿಗೆ ಈ ಪದ್ಧತಿಯು ಸಂತೋಷವನ್ನೇ ಕೊಡುವುದು.

ಬೀದಿಯ ಕೊನೆಯಲ್ಲಿರುವ ಕೋಟೆಮನೆಯು ನಿದ್ರಾಸುಂದರಿಯ ಹೆಸರಿನದು. ಎತ್ತರ ೭೭ ಅಡಿ ಮಾತ್ರ. ಬುಡದಲ್ಲಿ ದೊಡ್ಡ ಕಲ್ಲುಗಳೂ ಮೇಲೆ ಹೋದಂತೆ ಚಿಕ್ಕ ಕಲ್ಲುಗಳೂ ಇರುವಂತೆ ತೋರಿಸಿರುವುದರಿಂದ ಅದು ಬಹಳ ಎತ್ತರವೆಂಬ ಭ್ರಾಂತಿ ಉಂಟಾಗುತ್ತದೆ. ಆ ಕಥೆಯ ಚಲನಚಿತ್ರವು ಹೊರಬಿದ್ದದ್ದು ೧೯೫೯ರಲ್ಲಿ, ಎಂದರೆ ಕೋಟೆಯು ನಿಂತು ನಾಲ್ಕು ವರ್ಷಗಳ ಮೇಲೆ. ಇಲ್ಲಿ ಕಾವ್ಯಕ್ಕಿಂತ ಮೊದಲೇ ಅದರ ಕಟ್ಟಡವು ಎದ್ದಿತು! ಇದರ ಆಕಾರಕ್ಕೆ ಮುಖ್ಯ ಮಾದರಿ ಬವೇರಿಯದ ನಾಯ್‌ಶ್ವಾನ್‌ಸ್ಟೈನ್ ಎಂಬ ಅರಮನೆಯೆಂಬುದು ಪ್ರಸಿದ್ಧ. ಕೋಟೆಯ ಮಣ್ಣಿನ ಮಾದರಿಯು ಆ ಅರಮನೆಯನ್ನು ತೀರ ಹೋಲುತ್ತದೆಂದು ಬೇಸರಗೊಂಡ ರೈಮನ್, ಅದರ ಮೇಲಿನ ಭಾಗವನ್ನು ಎತ್ತಿ ಹಿಂದುಮುಂದಾಗಿ ತಿರುಗಿಸಿಟ್ಟನೆಂದೂ, ಅಷ್ಟರಲ್ಲಿ ಬಂದ ಡಿಸ್ನಿ ಅದನ್ನೇ ಮೆಚ್ಚಿಕೊಂಡನೆಂದೂ ಆ ಶಾಲೆಯವರು ಹೇಳುತ್ತ ಬಂದಿದ್ದಾರೆ.

ಆದರೆ ಮೂಲವೆನ್ನಿಸಿಕೊಂಡ ನಾಯ್‌ಶ್ವಾನ್‌ಸ್ಟೈನ್ ತಾನಾದರೂ ಎಂಥದು? ಅದಕ್ಕೆ ಅಸ್ತಿವಾರ ಬಿದ್ದದ್ದು ೧೮೬೯ರಲ್ಲಿ. ಎರಡನೆಯ ಲುಡ್ವಿಗ್ ದೊರೆ ಮಧ್ಯಯುಗದ ವೀರಕಥೆಗಳಲ್ಲಿಯೂ ವಾಗ್ನರನ ಗೇಯನಾಟಕಗಳಲ್ಲಿಯೂ ಮುಳುಗಿದ್ದವನು. ಅದರ ಮೊದಲ ಚಿತ್ರಗಳನ್ನು ಬರೆದವನು ಕ್ರಿಸ್ಟಿಯನ್ ಯಾಂಕ್. ಅವನು ಶಿಲ್ಪಿಯಲ್ಲ, ನಾಟಕದ ಪರದೆಗಳ ಚಿತ್ರಗಾರ. ಹಳೆಯ ದುರ್ಗದಂತೆ ತೋರುವ ಆ ಗೋಡೆಗಳ ಒಳಗೆ ಉಕ್ಕಿನ ಕಟ್ಟು, ಬಿಸಿಗಾಳಿಯ ವ್ಯವಸ್ಥೆ, ನೀರಿನ ಕೊಳಾಯಿ ಎಲ್ಲವೂ ಇದ್ದವು. ದೊರೆಯು ೧೮೮೬ರ ಜೂನ್ ತಿಂಗಳಲ್ಲಿ ತೀರಿಕೊಂಡನು. ಆಗಸ್ಟ್ ತಿಂಗಳಲ್ಲಿ ಹಣ ಕೊಟ್ಟು ನೋಡುವ ಜನರಿಗಾಗಿ ಅರಮನೆಯ ಬಾಗಿಲು ತೆರೆಯಿತು. ಆದ್ದರಿಂದ ಆನಹೈಮಿನ ಕೋಟೆಯನ್ನು ನಿಜದ ನಕಲೆಂದು ಹಳಿಯುವವರು, ಆ ನಿಜವೂ ಒಂದು ನಕಲೇ ಎಂಬುದನ್ನು ಮರೆತಿರುತ್ತಾರೆ. ಅದೇ ಶತಮಾನದಲ್ಲಿ ಬೆಂಗಳೂರಿನಲ್ಲಿ ಇಂಗ್ಲೆಂಡಿನ ಟ್ಯೂಡರ್ ರೀತಿಯ ಬುರುಜುಗಳುಳ್ಳ ಅರಮನೆ ಎದ್ದಿತು. ಅದನ್ನು ಆಟಿಕೆಯೆಂದು ಯಾರೂ ಕರೆಯುವುದಿಲ್ಲ. ರಾಜನು ವಾಸವಾಗಿದ್ದರೆ ಅರಮನೆ, ಜನರು ಚೀಟಿ ಕೊಂಡು ಹೊಕ್ಕರೆ ಆಟಿಕೆ ಎಂಬ ಭೇದವು ವಾಸ್ತುಶಾಸ್ತ್ರದ್ದಲ್ಲ.

ಪಂಡಿತಲೋಕದಲ್ಲಿ ಈ ಕಟ್ಟಡಗಳನ್ನು ಕುರಿತು ಎರಡು ಪಕ್ಷಗಳಾಗಿವೆ. ನಗರಗಳನ್ನು ಕಟ್ಟಿಸುತ್ತಿದ್ದ ಜೇಮ್ಸ್ ರೌಸ್ ೧೯೬೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ, ಅಮೆರಿಕದಲ್ಲಿ ನಗರವಿನ್ಯಾಸದ ಅತ್ಯುತ್ತಮ ಕೃತಿಯೆಂದರೆ ಡಿಸ್ನಿಲ್ಯಾಂಡೇ ಎಂಬರ್ಥದ ಮಾತನ್ನಾಡಿ ಕೇಳಿದವರನ್ನು ಬೆರಗುಗೊಳಿಸಿದನು. ಶಿಲ್ಪಿಯಾದ ಚಾರ್ಲ್ಸ್ ಮೂರ್ ೧೯೬೫ರ ಪ್ರಬಂಧವೊಂದರಲ್ಲಿ, ಜನರು ಒಟ್ಟಿಗೆ ಕಾಲ್ನಡೆಯಲ್ಲಿ ಸೇರುವ ಸಾರ್ವಜನಿಕ ಸ್ಥಳವೇ ಇಲ್ಲದ ಕ್ಯಾಲಿಫೋರ್ನಿಯದಲ್ಲಿ ಈ ಉದ್ಯಾನವು ಆ ಕೊರತೆಯನ್ನು ಹಣ ತೆಗೆದುಕೊಂಡು ತುಂಬುತ್ತಿದೆಯೆಂದು ತೋರಿಸಿದನು. ಎದುರುಪಕ್ಷದಲ್ಲಿ ಇಟಲಿಯ ಉಂಬರ್ಟೊ ಎಕೊ, ಫ್ರಾನ್ಸಿನ ಜ್ಞಾನ್ ಬೋದ್ರಿಯಾರ್ ಮುಖ್ಯರು. ನಕಲಿನಲ್ಲಿ ಪಳಗಿದ ಕಣ್ಣು ನಿಜವನ್ನು ಬೇಡವೆನ್ನುವುದು ಎಂಬುದು ಎಕೊವಿನ ಭಯ. ಬೋದ್ರಿಯಾರನು ೧೯೮೧ರ ತನ್ನ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರಗಿನ ಅಮೆರಿಕವು ನಿಜವೆಂಬ ನಂಬಿಕೆಯನ್ನು ಕಾಪಾಡುವುದಕ್ಕಾಗಿಯೇ ಒಳಗೆ ಈ ಸುಳ್ಳನ್ನು ಇಟ್ಟಿದ್ದಾರೆಂದು ವಾದಿಸಿದನು.

ಈ ವಾದವು ಭಾರತೀಯ ಮೀಮಾಂಸಕರಿಗೆ ಪರಿಚಿತವಾದ ಒಂದು ಹಳೆಯ ಚರ್ಚೆಯ ಹತ್ತಿರಕ್ಕೆ ಬರುತ್ತದೆ. ಭರತನ ರಸಸೂತ್ರಕ್ಕೆ ವ್ಯಾಖ್ಯಾನಮಾಡಿದ ಶ್ರೀಶಂಕುಕನ ಗ್ರಂಥ ಉಳಿದಿಲ್ಲ. ಅವನ ಮತವು ಅಭಿನವಗುಪ್ತನ ಅಭಿನವಭಾರತಿಯಿಂದ ತಿಳಿದುಬರುತ್ತದೆ. ನಟನನ್ನು ನೋಡುವ ಸಹೃದಯನಿಗೆ ಇವನೇ ರಾಮನೆಂಬ ಯಥಾರ್ಥಜ್ಞಾನವಿಲ್ಲ; ಆಮೇಲೆ ಬಾಧಿತವಾಗತಕ್ಕ ಮಿಥ್ಯಾಜ್ಞಾನವೂ ಇಲ್ಲ; ಹೌದೊ ಅಲ್ಲವೊ ಎಂಬ ಸಂಶಯವಿಲ್ಲ; ರಾಮನಂತಿದ್ದಾನೆ ಎಂಬ ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದ ಕುದುರೆಯನ್ನು ನೋಡಿ ಕುದುರೆಯೆಂದು ಗ್ರಹಿಸುವಂತೆ ಇದೊಂದು ಐದನೆಯ ಬಗೆಯ ಪ್ರತೀತಿ. ಈ ಚಿತ್ರತುರಗನ್ಯಾಯವನ್ನು ಅನ್ವಯಿಸಿದರೆ ಎಕೊವಿನ ಆಕ್ಷೇಪಕ್ಕೆ ಅರ್ಧ ಸಮಾಧಾನ ದೊರೆಯುವುದು. ಗಾರೆಯ ಕೋಟೆಯ ಮುಂದೆ ನಿಂತ ಮಗುವೂ ಅದನ್ನು ನಿಜವಾದ ದುರ್ಗವೆಂದು ನಂಬಿ ಮೋಸಹೋಗಿರುವುದಿಲ್ಲ. ಮೋಸವೆಂದು ತಿಳಿದು ಹಿಂದಿರುಗುವುದೂ ಇಲ್ಲ.

ಶಂಕುಕನಿಗೆ ಭಟ್ಟತೌತನು ಹಾಕಿದ ಆಕ್ಷೇಪವು ಇಲ್ಲಿಗೆ ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಮೂಲವನ್ನು ಕಂಡವನಿಗಲ್ಲವೆ ಅನುಕರಣವು ಅನುಕರಣವೆಂದು ತಿಳಿಯುವುದು? ರಾಮನ ರತಿಯನ್ನು ಯಾರು ಕಂಡಿದ್ದಾರೆ? ೧೯೫೫ರಲ್ಲಿ ಮೇನ್ ಸ್ಟ್ರೀಟಿಗೆ ಬಂದ ಮುದುಕರಲ್ಲಿ ಕೆಲವರು ೧೯೦೦ರ ಊರುಗಳನ್ನು ಕಂಡವರಿದ್ದರು. ಅವರಿಗೆ ಅದು ಸ್ಮೃತಿ. ಅವರ ಮೊಮ್ಮಕ್ಕಳಿಗೆ ಅಂಥ ಊರು ಗೊತ್ತೇ ಇಲ್ಲ. ಅವರು ಬಾಲ್ಯದಲ್ಲಿ ಕಂಡದ್ದು ಈ ಬೀದಿಯನ್ನೇ. ವಯಸ್ಸಾದ ಮೇಲೆ ಅವರು ನೆನೆಯುವುದೂ ಇದನ್ನೇ. ಯಾವುದು ಅನುಕೃತಿಯಾಗಿದ್ದಿತೋ ಅದು ಎರಡು ತಲೆಮಾರುಗಳಲ್ಲಿ ಮೂಲವಾಗಿ ಕುಳಿತಿತು. ಪುನರ್ವಿನ್ಯಾಸದ ಪ್ರಶ್ನೆಯು ಕಠಿನವಾಗುವುದು ಈ ಕಾರಣದಿಂದಲೇ. ಸುಳ್ಳು ಗೋಡೆಯೊಂದನ್ನು ಕೆಡವುವುದರಲ್ಲಿ ನಷ್ಟವೇನು ಎಂದು ಹೊರಗಿನವನು ಕೇಳಬಹುದು. ಆ ಗೋಡೆಯ ಮುಂದೆ ತಂದೆಯ ಕೈ ಹಿಡಿದು ನಿಂತಿದ್ದವನಿಗೆ ಅದು ಸುಳ್ಳಲ್ಲ.

ಡಿಸ್ನಿಯಾದರೋ ತನ್ನ ಉದ್ಯಾನವು ಎಂದಿಗೂ ಮುಗಿಯತಕ್ಕದ್ದಲ್ಲವೆಂದೇ ಹೇಳುತ್ತಿದ್ದನು. ತೆರೆಗೆ ಕಳುಹಿಸಿದ ಚಿತ್ರವನ್ನು ಮತ್ತೆ ತಿದ್ದಲಾಗದು, ಉದ್ಯಾನವನ್ನು ತಿದ್ದುತ್ತಲೇ ಇರಬಹುದು ಎಂಬುದು ಅವನಿಗೆ ಮೆಚ್ಚಿಗೆಯಾಗಿದ್ದ ಸಂಗತಿ. ಆದ್ದರಿಂದ ಪುನರ್ವಿನ್ಯಾಸವು ಇಲ್ಲಿ ಅಪವಾದವಲ್ಲ, ಧರ್ಮ. ಆದರೆ ಎಲ್ಲ ತಿದ್ದುಪಡಿಗಳೂ ಒಂದೇ ಜಾತಿಯವಲ್ಲ. ಕವಿಯು ಮನಸ್ಸಿನಲ್ಲಿಟ್ಟುಕೊಂಡ ಪಾಠವನ್ನು ಲಿಪಿಕಾರನ ತಪ್ಪಿನಿಂದ ಬಿಡಿಸಿಕೊಡುವ ಸಂಪಾದಕನ ಕೆಲಸ ಬೇರೆ. ತನ್ನ ಕಾಲದ ರುಚಿಗೆಂದು ಪದ್ಯವನ್ನು ಬೇರೆ ಬರೆದುಬಿಡುವುದು ಬೇರೆ.

ಮೊದಲ ಜಾತಿಗೆ ಉತ್ತಮ ಉದಾಹರಣೆ ಕೋಟೆಯ ಹಿಂದಣ ಫ್ಯಾಂಟಸಿಲ್ಯಾಂಡ್ ಎಂಬ ಪ್ರದೇಶ. ೧೯೫೫ರಲ್ಲಿ ಹಣವೂ ಕಾಲವೂ ಸಾಲದೆ ಬಂದುದರಿಂದ ಅಲ್ಲಿಯ ಕಟ್ಟಡಗಳ ಮುಖಗಳನ್ನು ಮಧ್ಯಯುಗದ ಪಂದ್ಯದ ಡೇರೆಗಳಂತೆ ಬಣ್ಣಬಣ್ಣದ ಪಟ್ಟೆಗಳಿಂದ ಅಲಂಕರಿಸಿ ಹೇಗೋ ಮುಗಿಸಿದ್ದರು. ೧೯೮೩ನೆಯ ಇಸವಿ ಮೇ ೨೫ನೆಯ ತಾರೀಖು ತೆರೆದ ಹೊಸ ಫ್ಯಾಂಟಸಿಲ್ಯಾಂಡಿನಲ್ಲಿ, ಟೋನಿ ಬ್ಯಾಕ್ಸ್ಟರನ ಮುಂದಾಳುತನದಲ್ಲಿ, ಈ ಡೇರೆಗಳನ್ನು ತೆಗೆದು ಒಂದು ಯೂರೋಪಿಯನ್ ಹಳ್ಳಿಯನ್ನೇ ಕಟ್ಟಿದರು. ಪ್ರತಿಯೊಂದು ಮನೆಯೂ ಒಳಗಿನ ಕಥೆಯ ಹುಟ್ಟುನೆಲಕ್ಕೆ ತಕ್ಕುದಾಯಿತು: ಪೀಟರ್ ಪ್ಯಾನನಿಗೆ ಇಂಗ್ಲೆಂಡಿನ ಮರಗಟ್ಟಿನ ಮನೆ, ಕಪ್ಪೆರಾಯನಿಗೆ ಅಲ್ಲಿಯ ಜಮೀನುದಾರನ ಬಂಗಲೆ, ಹಿಮಶ್ವೇತೆಗೆ ಕ್ರೂರ ರಾಣಿಯ ಕಲ್ಲಿನ ಗೋಪುರ. ಕುದುರೆಗಳ ರಾಟೆಯನ್ನು ಹಿಂದಕ್ಕೆ ಸರಿಸಿದ್ದರಿಂದ ಅಂಗಳವೂ ವಿಶಾಲವಾಯಿತು. ಹೊರಗೋಡೆಯೇ ಕಥೆಗೆ ನಾಂದಿಯಾಗುವಂತೆ ಮಾಡಿದ ಈ ಕೆಲಸದಲ್ಲಿ ಹಳೆಯದರ ಆತ್ಮಕ್ಕೆ ಲೋಪ ಬಂದಿಲ್ಲ. ಮೂಲಕರ್ತೃವಿಗೆ ಹಣವಿದ್ದಿದ್ದರೆ ಮಾಡಿಸುತ್ತಿದ್ದುದನ್ನೇ ಇಪ್ಪತ್ತೆಂಟು ವರ್ಷಗಳ ಮೇಲೆ ಮಾಡಿದಂತಾಯಿತು. ದೇವಾಲಯದ ಜೀರ್ಣೋದ್ಧಾರಕ್ಕೆ ಇದು ಸಮೀಪದ್ದು.

ಇದಕ್ಕಿಂತ ವಿಚಿತ್ರವಾದುದು ಟುಮಾರೊಲ್ಯಾಂಡಿನ, ಎಂದರೆ ನಾಳೆಯ ನಾಡಿನ ಕಥೆ. ಗತಕಾಲವನ್ನು ಚಿತ್ರಿಸುವ ಕಟ್ಟಡವು ಹಳೆಯದಾದರೆ ಅದಕ್ಕೆ ಶೋಭೆ. ಭವಿಷ್ಯತ್ತನ್ನು ಚಿತ್ರಿಸುವುದು ಹಳೆಯದಾದರೆ ನಗೆ. ೧೯೫೫ರಲ್ಲಿ ಈ ಪ್ರದೇಶವು ೧೯೮೬ನೆಯ ಇಸವಿಯ ಲೋಕವನ್ನು ತೋರಿಸುವುದಾಗಿ ಹೊರಟಿತು. ಎರಡು ವರ್ಷಗಳ ಮೇಲೆ ಪೂರ್ತಿ ಪ್ಲಾಸ್ಟಿಕಿನಿಂದಲೇ ಮಾಡಿದ 'ಭವಿಷ್ಯದ ಮನೆ'ಯೊಂದು ಅಲ್ಲಿ ಬಂದಿತು. ಹತ್ತು ವರ್ಷ ತುಂಬುವ ವೇಳೆಗೆ ಅದು ಭೂತಕಾಲಕ್ಕೆ ಸೇರಿಹೋಗಿ, ಕೆಡವಬೇಕಾಯಿತು. ಕೆಡಹುವ ಕಬ್ಬಿಣದ ಗುಂಡು ಅದಕ್ಕೆ ತಾಗಿ ಹಿಂದಕ್ಕೆ ಚಿಮ್ಮಿತೆಂದೂ, ಕೊನೆಗೆ ಗರಗಸಗಳಿಂದ ತುಂಡುತುಂಡಾಗಿ ಕೊಯ್ಯಬೇಕಾಯಿತೆಂದೂ ಹೇಳುವರು. ಭವಿಷ್ಯವು ಹಳೆಯದಾದರೂ ಗಟ್ಟಿಯಾಗಿಯೇ ಇದ್ದಿತು! ೧೯೬೭ರಲ್ಲಿ ಇಡೀ ಪ್ರದೇಶವನ್ನು ಬೆಳ್ಳಗೆ, ನುಣ್ಣಗೆ, ಚಲನೆಯೇ ವಸ್ತುವಾಗುವಂತೆ ಪುನಃ ರಚಿಸಿದರು. ೧೯೭೭ರಲ್ಲಿ ಸ್ಪೇಸ್ ಮೌಂಟನ್ ಎಂಬ ಬಿಳಿಯ ಶಂಕುವಿನಾಕಾರದ ಬೆಟ್ಟವು ಸೇರಿತು. ೧೯೯೮ರಲ್ಲಿ ಮತ್ತೊಂದು ಬದಲಾವಣೆ: ಬಿಳಿಯ ಬಣ್ಣವನ್ನೆಲ್ಲ ಅಳಿಸಿ ತಾಮ್ರ, ಕಂಚು, ಚಿನ್ನದ ಕಂದು ಬಣ್ಣಗಳನ್ನು ಬಳಿದರು. ಇದು ಜನರಿಗೆ ಹಿಡಿಸಲಿಲ್ಲ. ೨೦೦೫ರಲ್ಲಿ ಸ್ಪೇಸ್ ಮೌಂಟನ್ ಮತ್ತೆ ಬಿಳಿಯದಾಯಿತು. ಜನರು ಕೇಳಿದ್ದು ಹೊಸ ನಾಳೆಯನ್ನಲ್ಲ, ತಮ್ಮ ಬಾಲ್ಯದ ನಾಳೆಯನ್ನು.

ಪ್ಯಾರಿಸ್ಸಿನ ಬಳಿ ೧೯೯೨ನೆಯ ಇಸವಿ ಏಪ್ರಿಲ್ ೧೨ನೆಯ ತಾರೀಖು ತೆರೆದ ಉದ್ಯಾನದ ರಚಕರು ಈ ತೊಡಕನ್ನು ಮೊದಲೇ ಊಹಿಸಿ ನಾಳೆಯ ಹೆಸರನ್ನೇ ಬಿಟ್ಟರು. ಅಲ್ಲಿಯ ಡಿಸ್ಕವರಿಲ್ಯಾಂಡ್ ಹತ್ತೊಂಬತ್ತನೆಯ ಶತಮಾನದ ಜ್ಯೂಲ್ ವೆರ್ನ್ ಮೊದಲಾದವರು ಕನಸಿನಲ್ಲಿ ಕಂಡ ಭವಿಷ್ಯತ್ತು. ಎಂದೂ ಬಾರದೆ ಹೋದುದರಿಂದ ಅದು ಹಳೆಯದಾಗುವ ಭಯವಿಲ್ಲ. ಆನಹೈಮಿನವರು ೧೯೯೮ರಲ್ಲಿ ಅನುಕರಿಸಹೊರಟದ್ದು ಈ ಬಗೆಯನ್ನೇ. ಫ್ರಾನ್ಸಿನಲ್ಲಿ ಹೊಂದಿದ್ದು ಅಲ್ಲಿ ಹೊಂದಲಿಲ್ಲ. ಪ್ಯಾರಿಸ್ಸಿನ ಕೋಟೆಯ ವಿಷಯದಲ್ಲಿಯೂ ಇಂಥದೇ ವಿವೇಕ ಕಾಣುತ್ತದೆ. ನಿಜವಾದ ದುರ್ಗಗಳು ತುಂಬಿರುವ ದೇಶದಲ್ಲಿ ಗಾರೆಯ ದುರ್ಗವನ್ನು ಕಟ್ಟಿದರೆ ನಗೆಪಾಟಲು; ಆದುದರಿಂದ ಇತಿಹಾಸದ ಕಡೆಗೆ ಹೋಗದೆ, ಹದಿನೈದನೆಯ ಶತಮಾನದ ಸಚಿತ್ರ ಹಸ್ತಪ್ರತಿಗಳನ್ನೂ, ಐವಿಂಡ್ ಅರ್ಲ್ ಎಂಬ ಚಿತ್ರಗಾರನು ನಿದ್ರಾಸುಂದರಿಯ ಚಲನಚಿತ್ರಕ್ಕೆ ಬರೆದ ಚೌಕಾಕಾರದ ಮರಗಳನ್ನೂ ಮಾದರಿಯಾಗಿ ಇಟ್ಟುಕೊಂಡರು.

ಹಾಂಗ್‌ಕಾಂಗಿನಲ್ಲಿ ಈ ವಿವೇಕ ತಡವಾಗಿ ಬಂದಿತು. ೨೦೦೫ರಲ್ಲಿ ತೆರೆದ ಆ ಉದ್ಯಾನದಲ್ಲಿ ನೆಲದ ಶಾಸ್ತ್ರಕ್ಕೆ ಮನ್ನಣೆ ಕೊಟ್ಟು, ಫೆಂಗ್‌ಶುಯ್ ಬಲ್ಲವರ ಮಾತಿನಂತೆ ಹೆಬ್ಬಾಗಿಲನ್ನು ೧೨ ಡಿಗ್ರಿಗಳಷ್ಟು ತಿರುಗಿಸಿದ್ದರು. ಆಯವನ್ನು ನೋಡದೆ ಮನೆಗೆ ಬಾಗಿಲಿಡದ ಈ ನಾಡಿನವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೋಟೆಯನ್ನು ಮಾತ್ರ ಆನಹೈಮಿನದನ್ನೇ ಅಚ್ಚಿಳಿಸಿ ಇಟ್ಟರು. ಕಿತ್ತಳೆಯ ತೋಟದ ಬಯಲಿನಲ್ಲಿ ದೊಡ್ಡದಾಗಿ ತೋರಿದ ಕೋಟೆಯು ಹಿಂದೆ ನಿಂತ ನಿಜವಾದ ಬೆಟ್ಟಗಳ ಮುಂದೆ ಕುಗ್ಗಿಹೋಯಿತು. ದೂರದರ್ಶನದ ಉಪಾಯವು ಪಕ್ಕದಲ್ಲಿ ನಿಜವಾದ ದೂರವಿಲ್ಲದಿದ್ದರೆ ಮಾತ್ರ ಫಲಿಸುವುದು. ೨೦೧೮ರಲ್ಲಿ ಅದನ್ನು ಮುಚ್ಚಿ, ಹಳೆಯದರ ಮೇಲೆಯೇ ಎತ್ತರವಾದ ಹೊಸ ಗೋಪುರಗಳನ್ನು ಏರಿಸಿ, ೨೦೨೦ನೆಯ ನವೆಂಬರ್ ೨೧ರಂದು ಬೇರೆ ಹೆಸರಿನಿಂದ ತೆರೆದರು. ಹೊಸ ಗೋಪುರಗಳು ಒಬ್ಬ ನಾಯಿಕೆಗೆ ಮೀಸಲಾಗದೆ ಹದಿಮೂರು ಮಂದಿ ರಾಜಕುಮಾರಿಯರ ಮತ್ತು ರಾಣಿಯರ ಕಥೆಗಳನ್ನು ಸೂಚಿಸುತ್ತವೆ. ಬೆಟ್ಟದ ಮುಂದೆ ಕೋಟೆಯು ಈಗ ತಲೆಯೆತ್ತಿದೆಯೆಂಬುದು ನಿಜ. ಹದಿಮೂರು ಕಥೆಗಳ ನಡುವೆ ಅದರ ಸ್ವಂತ ಕಥೆ ಯಾವುದೆಂಬುದು ಅಷ್ಟು ಸ್ಪಷ್ಟವಾಗಿಲ್ಲ.

ಔಚಿತ್ಯವೇ ರಸದ ಜೀವಿತವೆಂದ ಕ್ಷೇಮೇಂದ್ರನ ಮತವನ್ನು ಇಲ್ಲಿಗೆ ಅನ್ವಯಿಸುವುದು ಅನುಚಿತವಾಗದು. ಆನಹೈಮಿನಲ್ಲಿಯೇ ೨೦೦೧ರ ಫೆಬ್ರವರಿಯಲ್ಲಿ, ಹಳೆಯ ಉದ್ಯಾನದ ಎದುರಿಗೆ, ಕ್ಯಾಲಿಫೋರ್ನಿಯ ಪ್ರಾಂತವನ್ನೇ ವಸ್ತುವಾಗುಳ್ಳ ಎರಡನೆಯ ಉದ್ಯಾನವನ್ನು ತೆರೆದರು. ಕಟ್ಟಡಗಳಲ್ಲಿ ಭಾವಕ್ಕಿಂತ ಶ್ಲೇಷೆ, ಹಾಸ್ಯೋಕ್ತಿಗಳೇ ಹೆಚ್ಚಾಗಿದ್ದವು. ಕಟ್ಟಿದವರೇ ತಾವು ಕಟ್ಟಿದ್ದನ್ನು ನೋಡಿ ಕಣ್ಣು ಮಿಟುಕಿಸುವಂತಿದ್ದರೆ ನೋಡುವವನು ಮೈಮರೆಯುವುದೆಂತು? ಜನರು ನಿರೀಕ್ಷಿಸಿದಷ್ಟು ಬರಲಿಲ್ಲ. ೨೦೦೭ರಲ್ಲಿ ಒಂದು ನೂರು ಕೋಟಿ ಡಾಲರಿಗೂ ಮಿಕ್ಕ ವೆಚ್ಚದ ಪುನರ್ವಿನ್ಯಾಸವನ್ನು ಪ್ರಕಟಿಸಿ, ೨೦೧೨ನೆಯ ಜೂನ್ ೧೫ರ ವೇಳೆಗೆ ಮುಗಿಸಿದರು. ಮುಂಭಾಗದ ಹಾಸ್ಯವನ್ನೆಲ್ಲ ತೆಗೆದುಹಾಕಿ, ಡಿಸ್ನಿ ಬಡ ಯುವಕನಾಗಿ ೧೯೨೩ರಲ್ಲಿ ಬಂದಿಳಿದ ಲಾಸ್ ಏಂಜಲಿಸ್ ನಗರದ ಬೀದಿಯೊಂದನ್ನು ಅಲ್ಲಿ ನಿರ್ಮಿಸಿದರು. ಬ್ಯೂನ ವಿಸ್ಟ ಎಂಬ ಈ ಬೀದಿಯು ಇತ್ತೀಚಿನ ಪುನರ್ವಿನ್ಯಾಸಗಳಲ್ಲೆಲ್ಲ ಶ್ರೇಷ್ಠವಾದುದೆಂದರೆ ಅತಿಶಯೋಕ್ತಿಯಲ್ಲ.

ಹೀಗಿದ್ದರೂ ಐದು ವರ್ಷ ಕಳೆಯುವುದರೊಳಗೆ ಅದೇ ಉದ್ಯಾನದಲ್ಲಿ ಅದಕ್ಕೆ ವಿರುದ್ಧವಾದ ಕೆಲಸವೂ ನಡೆಯಿತು. ೨೦೦೪ರಲ್ಲಿ ತೆರೆದ, ಹಳೆಯ ಹಾಲಿವುಡ್ ಹೊಟೆಲಿನ ರೂಪದ ಎತ್ತರವಾದ ಗೋಪುರವೊಂದು ಆ ಬೀದಿಯ ಕಾಲಕ್ಕೆ ಒಪ್ಪುವಂತಿದ್ದಿತು. ೨೦೧೭ರಲ್ಲಿ, ಹೊಸ ಚಲನಚಿತ್ರವೊಂದರ ಜನಪ್ರಿಯತೆಯನ್ನು ಅನುಸರಿಸಿ, ಅದರ ಮೈಮೇಲೆ ಕೊಳವೆಗಳನ್ನೂ ಲೋಹದ ತಗಡುಗಳನ್ನೂ ಹೊದಿಸಿ ಆಕಾಶಲೋಕದ ಕೋಟೆಯಾಗಿ ಮಾರ್ಪಡಿಸಿದರು. ಒಳಗಿನ ಯಂತ್ರ ಅದೇ. ಜನರನ್ನು ಎತ್ತಿ ಬೀಳಿಸುವ ಕ್ರಿಯೆಯೂ ಬಹುಮಟ್ಟಿಗೆ ಅದೇ. ಒಳಗೆ ಹೋದವರು ಸಂತೋಷಪಟ್ಟರೆಂಬುದನ್ನೂ ಹೇಳಬೇಕು. ಆದರೆ ೧೯೨೦ರ ದಶಕದ ಬೀದಿಯಲ್ಲಿ ನಿಂತವನು ತಲೆಯೆತ್ತಿದರೆ ಕಾಣುವುದು ಆ ಗೋಪುರ. ಶೃಂಗಾರದ ನಡುವೆ ರೌದ್ರವು ನುಗ್ಗಿದಂತೆ. ಇದೇ ಸಂಸ್ಥೆಯವರು ಫ್ಲಾರಿಡದಲ್ಲಿ ೧೯೯೪ರಲ್ಲಿ ಇಂಥದೇ ಗೋಪುರವನ್ನು ಕಟ್ಟುವಾಗ ಎಷ್ಟು ಎಚ್ಚರದಿಂದಿದ್ದರೆಂದರೆ, ವಿಮಾನಗಳಿಗಾಗಿ ಕೆಂಪು ದೀಪವಿಡಬೇಕಾದ ೨೦೦ ಅಡಿಗಳ ಮಿತಿಗೆ ಒಳಪಟ್ಟಿರಲೆಂದು ಎತ್ತರವನ್ನು ೧೯೯ ಅಡಿಗೆ ನಿಲ್ಲಿಸಿದರು. ದೂರದ ಇನ್ನೊಂದು ಉದ್ಯಾನದ ಮೊರಾಕೊ ಮಂಟಪದ ಹಿಂದೆ ಅದರ ತುದಿ ಕಾಣುವುದೆಂದು ತಿಳಿದು, ಬೆನ್ನಿನ ಬಣ್ಣವನ್ನೂ ಆಕಾರವನ್ನೂ ಮೊರಾಕೊ ದೇಶದ ರೀತಿಗೆ ಹೊಂದಿಸಿದರು.

ಇನ್ನೊಂದು ಬಗೆಯ ಪುನರ್ವಿನ್ಯಾಸದಲ್ಲಿ ಪ್ರಶ್ನೆಯು ಸೌಂದರ್ಯದ್ದಲ್ಲ, ನ್ಯಾಯದ್ದು. ೧೯೮೯ರಲ್ಲಿ ಆನಹೈಮಿನಲ್ಲಿ ತೆರೆದ ಸ್ಪ್ಲ್ಯಾಷ್ ಮೌಂಟನ್ ಎಂಬ ಜಲವಿಹಾರದ ಬೆಟ್ಟಕ್ಕೆ ಆಧಾರವಾಗಿದ್ದುದು ೧೯೪೬ರ ಒಂದು ಚಲನಚಿತ್ರ. ದಾಸ್ಯದಿಂದ ಬಿಡುಗಡೆಯಾದ ಕರಿಯ ಜನರ ಬಾಳನ್ನು ಅದು ನೋವಿಲ್ಲದ ನಲಿವಾಗಿ ಚಿತ್ರಿಸಿತೆಂದು ಹೊರಬಿದ್ದ ವರ್ಷದಲ್ಲಿಯೇ ಆಕ್ಷೇಪಣೆ ಎದ್ದಿದ್ದಿತು. ೨೦೨೦ರಲ್ಲಿ ಬದಲಾವಣೆಯನ್ನು ಪ್ರಕಟಿಸಿ, ೨೦೨೪ರಲ್ಲಿ ಫ್ಲಾರಿಡದಲ್ಲಿಯೂ ಆನಹೈಮಿನಲ್ಲಿಯೂ ಅದೇ ಬೆಟ್ಟ, ಅದೇ ನೀರಿನ ಕಾಲುವೆಗಳನ್ನು ಉಳಿಸಿಕೊಂಡು, ನ್ಯೂ ಆರ್ಲಿಯನ್ಸಿನ ಕರಿಯ ನ���ಯಿಕೆಯೊಬ್ಬಳ ಕಥೆಯನ್ನು ಅಲ್ಲಿ ನೆಲೆಗೊಳಿಸಿದರು. ಹಳೆಯದನ್ನು ನೆನೆದು ಮರುಗಿದವರು ಅನೇಕರು. ಅವರ ಮರುಕವು ಸುಳ್ಳಲ್ಲ. ಆದರೆ ಒಬ್ಬರ ಬಾಲ್ಯದ ಸವಿನೆನಪಿಗೆ ಇನ್ನೊಬ್ಬರ ಅಪಮಾನವು ಅಡಿಪಾಯವಾಗಿರುವಲ್ಲಿ ಆ ಅಡಿಪಾಯವನ್ನು ತೆಗೆಯುವುದೇ ಸರಿ. ಬೆಟ್ಟವನ್ನು ಕೆಡವದೆ ಕಥೆಯನ್ನು ಮಾತ್ರ ಬದಲಾಯಿಸಿದ್ದು, ಪಾತ್ರೆಯನ್ನು ಇಟ್ಟುಕೊಂಡು ಹಳಸಿದ್ದನ್ನು ಚೆಲ್ಲಿದಂತಾಯಿತು.

ಬ್ಯೂನ ವಿಸ್ಟ ಬೀದಿಯ ಕೊನೆಯಲ್ಲಿ ನಿಂತಿರುವ ಮುಖ್ಯ ಕಟ್ಟಡಕ್ಕೆ ಕಾರ್ತೆ ಸರ್ಕಲ್ ಥಿಯೇಟರ್ ಎಂದು ಹೆಸರು. ಅದೇ ಹೆಸರಿನ ನಿಜವಾದ ಚಿತ್ರಮಂದಿರವು ಲಾಸ್ ಏಂಜಲಿಸ್ಸಿನಲ್ಲಿ ೧೯೨೬ರಲ್ಲಿ ತೆರೆದಿದ್ದಿತು. ಹಿಮಶ್ವೇತೆಯ ಕಥೆಯ ಚಲನಚಿತ್ರವನ್ನು ೧೯೩೭ನೆಯ ಡಿಸೆಂಬರ್ ೨೧ರಂದು ಮೊದಲ ಬಾರಿಗೆ ತೋರಿಸಿದ್ದು ಅಲ್ಲಿಯೇ. ೧೯೬೯ರಲ್ಲಿ ಅದನ್ನು ಕೆಡವಿಹಾಕಿದರು. ಅನುಕೃತಿಯ ಗೋಪುರದ ಕೆಳಗೆ ಈಗ ಇರುವುದು ಚಿತ್ರಮಂದಿರವಲ್ಲ, ಭೋಜನಶಾಲೆ. ಇದಕ್ಕಿಂತಲೂ ಸೋಜಿಗವಾದುದು ಪ್ಯಾನ್ ಪೆಸಿಫಿಕ್ ಸಭಾಮಂದಿರದ ವೃತ್ತಾಂತ. ೧೯೩೫ರಲ್ಲಿ ಲಾಸ್ ಏಂಜಲಿಸ್ಸಿನಲ್ಲಿ ಕಟ್ಟಿದ ಆ ಮಂದಿರದ ಮುಖದಲ್ಲಿ ಹಡಗಿನ ರೆಕ್ಕೆಗಳಂತೆ ಬಾಗಿದ ನಾಲ್ಕು ಹಸಿರು ಬಿಳುಪಿನ ಕಂಬಗಳಿದ್ದವು. ಫ್ಲಾರಿಡದಲ್ಲಿ ಚಲನಚಿತ್ರವನ್ನೇ ವಸ್ತುವಾಗುಳ್ಳ ಹೊಸ ಕಥೋದ್ಯಾನಕ್ಕೆ ಆ ಮುಖವನ್ನೇ ಹೆಬ್ಬಾಗಿಲಾಗಿ ಅನುಕರಿಸಿ, ೧೯೮೯ನೆಯ ಮೇ ೧ರಂದು ತೆರೆದರು. ಬಹುಕಾಲ ಪಾಳುಬಿದ್ದಿದ್ದ ಮೂಲದ ಮಂದಿರವು ಅದೇ ತಿಂಗಳ ೨೪ನೆಯ ತಾರೀಖಿನ ಸಂಜೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಇಪ್ಪತ್ತಮೂರು ದಿನಗಳ ಕಾಲ ಮೂಲವೂ ಪ್ರತಿಕೃತಿಯೂ ಒಂದೇ ದೇಶದ ಎರಡು ತುದಿಗಳಲ್ಲಿ ಏಕಕಾಲದಲ್ಲಿ ನಿಂತಿದ್ದವು. ೨೦೧೨ರಲ್ಲಿ ಆನಹೈಮಿನ ಎರಡನೆಯ ಉದ್ಯಾನಕ್ಕೂ ಹೊಸ ಬಾಗಿಲನ್ನು ಕಟ್ಟಬೇಕಾದಾಗ ಅದೇ ಕಂಬಗಳ ಆಕಾರವನ್ನು ತೆಗೆದುಕೊಂಡರು. ಮೂಲವು ಸುಟ್ಟ ಸ್ಥಳವು ಅಲ್ಲಿಂದ ಬಹಳ ದೂರವಿಲ್ಲ.